ಟ್ಯಾಬ್ಲೆಟ್‌ನಲ್ಲಿ ಬಿಡಿಸಿದ ಚಿತ್ರ ಕಾಗದದ ಮೇಲೆ ಬಿಡಿಸಿದ್ದಕ್ಕೆ ಸಮವೇ?

ಮಗಳು ಟ್ಯಾಬ್ಲೆಟ್ ಕೊಡಿಸಿ ಎನ್ನುತ್ತಿದ್ದಾಳೆ, ಅದರಲ್ಲಿ ಬಿಡಿಸಿದ್ದು ನಿಜವಾದ ಚಿತ್ರಕಲೆಯೇ ಎಂದು ಕೇಳಿದ್ದೀರಿ. ಹೌದು, ಖಂಡಿತ. ಅಲ್ಲಿಯೂ ಗೆರೆ ಎಳೆಯುವುದು ಕೈಯೇ. ನಾನು ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರ ಕಲಿತವಳು. ಈಗ ಹೊಟ್ಟೆಪಾಡಿಗೆ ಮಕ್ಕಳ ಪುಸ್ತಕಗಳಿಗೆ ಡಿಜಿಟಲ್ ಚಿತ್ರ ಬರೆಯುತ್ತೇನೆ. ಎರಡರ ಮೇಲೂ ಪ್ರೀತಿಯಿದೆ. ಆದರೂ ಎರಡೂ ಒಂದೇ ಎನ್ನಲಾರೆ.

ಚಿನ್ನದ ಕೆಲಸವನ್ನೇ ನೋಡಿ. ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಆಶ್ರಯದಲ್ಲಿ ಅರಳಿದ ಈ ಶೈಲಿಯಲ್ಲಿ ದೇವಿಯ ಒಡವೆ, ಸೀರೆಯ ಅಂಚು, ಮಂಟಪದ ಕಂಬ ಮೊದಲು ಜೆಸ್ಸೊ ಎಂಬ ಬಿಳಿಚು ಲೇಪದಲ್ಲಿ ತುಸುವೇ ಉಬ್ಬಿ ನಿಲ್ಲಬೇಕು. ತಂಜಾವೂರಿನ ಚಿತ್ರಗಳಷ್ಟು ದಪ್ಪ ಇಲ್ಲಿ ಸಲ್ಲದು. ಸಫೇದ ಎಂಬ ಬಿಳಿ ಪುಡಿ, ರೇವಲ್‌ಚಿನ್ನಿ ಹಾಲು (ಮರದಿಂದ ಬರುವ ಹಳದಿ ಅಂಟು), ಗೋಂದು ಸೇರಿಸಿ ನುಣ್ಣಗೆ ಅರೆದ ಲೇಪವನ್ನು ಸಣ್ಣ ಕುಂಚದ ತುದಿಯಲ್ಲಿ ಎತ್ತಿ ಒಂದೊಂದೇ ಚುಕ್ಕೆ ಇಡುತ್ತೇವೆ. ನೀರಾದರೆ ಹರಿದು ಪಕ್ಕದ ಚುಕ್ಕೆಯನ್ನು ಕೂಡಿಕೊಳ್ಳುತ್ತದೆ. ಗಟ್ಟಿಯಾದರೆ ಕುಂಚ ಎತ್ತುವಾಗ ಬಾಲ ಎಳೆಯುತ್ತದೆ. ಅದು ಒಣಗಿದ ಮೇಲೆ ಚಿನ್ನದ ರೇಕು. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಉಸಿರು ಬಿಗಿಹಿಡಿದು ಕೂರಿಸಬೇಕು. ಒಂದು ಜೋರಾದ ಉಸಿರಿಗೆ ಹಾರಿಹೋಗುವಷ್ಟು ಹಗುರ ಅದು. ಆಮೇಲೆ ನೀವು ಚಿತ್ರದ ಮುಂದೆ ಎಡಕ್ಕೆ ಒಂದು ಹೆಜ್ಜೆ ಇಟ್ಟರೆ ಬೆಳಕು ಒಂದು ಮಣಿಯಿಂದ ಇನ್ನೊಂದು ಮಣಿಗೆ ಸರಿಯುತ್ತದೆ. ಆ ಕ್ಷಣಕ್ಕಾಗಿ ವಾರಗಟ್ಟಲೆ ಬೆನ್ನು ಬಗ್ಗಿಸಿ ಕೂತಿದ್ದೇನೆ, ಇನ್ನೂ ಕೂರುತ್ತೇನೆ.

ಪರದೆಯಲ್ಲಿ ಇದು ಸಾಧ್ಯವಿಲ್ಲ. ಅಲ್ಲಿ ಚಿನ್ನವೆಂದರೆ ಹಳದಿ, ಕಂದು, ಬಿಳಿಗಳ ಹೊಂದಾಣಿಕೆ. ಸಾಮಾನ್ಯ ನಾಲ್ಕು ಬಣ್ಣದ ಮುದ್ರಣಕ್ಕೆ ಹೋದರೆ ಅದೂ ಮಂಕಾಗಿ ಅರಿಶಿನದ ಕಲೆಯಂತೆ ಕಾಣುತ್ತದೆ.

ಹಾಗೆಂದು ಟ್ಯಾಬ್ಲೆಟ್ಟನ್ನು ಕಡೆಗಣಿಸಬೇಡಿ. ಒಮ್ಮೆ ಪುಸ್ತಕ ಅಚ್ಚಿಗೆ ಹೋಗುವ ಹಿಂದಿನ ರಾತ್ರಿ ಪ್ರಕಾಶಕರು ಕಥೆಯ ಅಜ್ಜಿಯ ಸೀರೆ ಹಸಿರು ಬೇಡ, ಕೆಂಪು ಬೇಕೆಂದರು. ಹನ್ನೆರಡು ಪುಟಗಳಲ್ಲಿ ಅಜ್ಜಿ ಇದ್ದಳು. ಸೀರೆಯನ್ನು ಪ್ರತ್ಯೇಕವಾಗಿ ಬದಲಿಸಬಹುದಾದ ಬೇರೆ ಪದರದಲ್ಲಿ (ಲೇಯರ್) ಬರೆದಿದ್ದರಿಂದ ಅರ್ಧ ಗಂಟೆಯಲ್ಲಿ ಮುಗಿಯಿತು. ಕಾಗದದ ಮೇಲಾಗಿದ್ದರೆ ಹನ್ನೆರಡೂ ಚಿತ್ರಗಳನ್ನು ಹೊಸದಾಗಿ ಬರೆಯಬೇಕಿತ್ತು.

ನನಗಿರುವ ಭಯ ಒಂದೇ. ಕೆಲವು ತಿಂಗಳು ಬರೀ ಟ್ಯಾಬ್ಲೆಟ್‌ನಲ್ಲಿ ಕೆಲಸ ಮಾಡಿ ಕಾಗದಕ್ಕೆ ಮರಳಿದಾಗ ಕೈ ಅನುಮಾನಿಸುತ್ತಿತ್ತು. ಐದು ಸಲ ಎಳೆದು ಅಳಿಸಿ, ಆರನೆಯದನ್ನು ಉಳಿಸಿಕೊಳ್ಳುವ ಅಭ್ಯಾಸ ಅಂಟಿಕೊಂಡಿತ್ತು. ಮೊದಲ ಗೆರೆಯ ಮೇಲಿನ ನಂಬಿಕೆ ಮರಳಲು ಬಹಳ ದಿನ ಹಿಡಿಯಿತು.

ಆದ್ದರಿಂದ ಕೊಡಿಸಿ, ಆದರೆ ದಿನಕ್ಕೆ ಅರ್ಧ ಗಂಟೆ ಪೆನ್ಸಿಲ್ ಮತ್ತು ಕಾಗದ ತಪ್ಪದಿರಲಿ, ರಬ್ಬರ್ ಇಲ್ಲದೆ. ಮೊದಲಿಗೆ ದುಬಾರಿಯದು ಬೇಡ; ಕಂಪ್ಯೂಟರಿಗೆ ಜೋಡಿಸುವ, ಪರದೆಯಿಲ್ಲದ ಟ್ಯಾಬ್ಲೆಟ್ ಸಾಕು; ಅದರ ಮೇಲೆ ಪೆನ್ನಿನಲ್ಲಿ ಎಳೆದದ್ದು ಕಂಪ್ಯೂಟರಿನ ಪರದೆಯಲ್ಲಿ ಕಾಣುತ್ತದೆ. ಪೆನ್ನಿನ ಒತ್ತಡಕ್ಕೆ ತಕ್ಕಂತೆ ಗೆರೆ ದಪ್ಪ-ತೆಳು ಆಗುತ್ತದೆಯೇ ಎಂದು ಮಾತ್ರ ಅಂಗಡಿಯಲ್ಲೇ ನೋಡಿಕೊಳ್ಳಿ. ಬೆಂಗಳೂರಿನಲ್ಲಿದ್ದರೆ ಚಿತ್ರಕಲಾ ಪರಿಷತ್ತಿಗೆ ಮಗಳನ್ನು ಕರೆದುಕೊಂಡು ಹೋಗಿ. ಅಲ್ಲಿನ ಹಳೆಯ ಮೈಸೂರು ಚಿತ್ರಗಳ ಮುಂದೆ ಅವಳನ್ನು ನಿಲ್ಲಿಸಿ, ಎಡಕ್ಕೆ ಒಂದು ಹೆಜ್ಜೆ ಇಡಲು ಹೇಳಿ.