ನಲವತ್ತೊಂದನೇ ಆಪ್ಷನ್

*ಸಂಪಾದಕರೇ, ಮಗಳು ಪಿಯುಸಿ ಮುಗಿಸಿ ಸಿಇಟಿ (ವೃತ್ತಿಶಿಕ್ಷಣದ ಪ್ರವೇಶ ಪರೀಕ್ಷೆ) ಬರೆದಿದ್ದಾಳೆ. ಸೀಟಿನ ಅಣಕು ಹಂಚಿಕೆಯಲ್ಲಿ ಬೆಂಗಳೂರಿನ ಒಂದು ಕಾಲೇಜಿನ ಕಂಪ್ಯೂಟರ್ ಸೈನ್ಸ್ ತೋರಿಸಿತು. ನಿಜವಾದ ಹಂಚಿಕೆ ಮಾತ್ರ ಇವತ್ತು, ನಾಳೆ ಎನ್ನುತ್ತ ಎರಡು ಸಲ ಮುಂದೆ ಹೋಗಿದೆ. ನಮ್ಮಲ್ಲಿ ನೆಟ್‌ವರ್ಕ್ ಬೇಕೆಂದರೆ ಮನೆ ಹಿಂದಿನ ಗುಡ್ಡ ಹತ್ತಬೇಕು. ಈ ಮಳೆಯಲ್ಲಿ ಕೊಡೆ ಹಿಡಿದು ದಿನಕ್ಕೆ ನಾಲ್ಕು ಸಲ ಹತ್ತುತ್ತಿದ್ದೇನೆ. ಮಗಳಿಗೆ ಚಿಂತೆಯೇ ಇಲ್ಲ. ತೋಟದಲ್ಲಿ ರೋಗದ ಎಲೆ ಆರಿಸಿ ನೋಟ್‌ಬುಕ್ಕಿಗೆ ಅಂಟಿಸುತ್ತ ಕೂತಿದ್ದಾಳೆ. ಬಿ.ಎಸ್ಸಿ. ಕೃಷಿ ಬೇಕೆಂದು ಹಟ ಮಾಡಿದ್ದಕ್ಕೆ ಆದ್ಯತೆಯ ಪಟ್ಟಿಯಲ್ಲಿ ಶಿವಮೊಗ್ಗದ ಕೃಷಿ ಕಾಲೇಜನ್ನು ನಲವತ್ತೊಂದನೇ ಆಪ್ಷನ್ ಮಾಡಿದ್ದೇನೆ. ಮೇಲೆ ಹಾಕಿದರೆ ಸಿಕ್ಕಿಬಿಟ್ಟೀತೆಂಬ ಭಯ. ಹೀಗೆ ಕಾಯಿಸುವವರ ಬಗ್ಗೆ ಖಡಕ್ಕಾಗಿ ಬರೆಯಿರಿ.*
*— ತುಮರಿ ಕಡೆಯ ಓದುಗ (ಹೆಸರು ಬೇಡ)*

ಖಡಕ್ಕಾಗಿ ಬರೆಯುತ್ತೇನೆ. ಆದರೆ ಯಾರ ಬಗ್ಗೆ ಎನ್ನುವುದನ್ನು ನನಗೆ ಬಿಡಿ.

ಮೊದಲು ನಿಮ್ಮ ಪಾಲಿನ ನ್ಯಾಯ. ಪರೀಕ್ಷಾ ಪ್ರಾಧಿಕಾರ ಒಂದು ದಿನಾಂಕ ಹೇಳಿದರೆ ಆ ದಿನಕ್ಕೆ ನಿಲ್ಲಬೇಕು, ಅದರಲ್ಲಿ ಎರಡು ಮಾತಿಲ್ಲ. 2022ರಲ್ಲಿ, ಪರೀಕ್ಷೆಯಿಲ್ಲದೆ ಪಾಸಾಗಿದ್ದ ಕೋವಿಡ್ ಬ್ಯಾಚಿನವರ ಪಿಯು ಅಂಕ ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂಬುದು ಹೈಕೋರ್ಟಿನವರೆಗೆ ಹೋಯಿತು. 2024ರಲ್ಲಿ ಪಠ್ಯದಲ್ಲೇ ಇಲ್ಲದ ಪ್ರಶ್ನೆ ಕೇಳಿ, ಆಮೇಲೆ 50 ಪ್ರಶ್ನೆ ಕೈಬಿಟ್ಟರು. ಮೇಲಿಂದ ಮೆಡಿಕಲ್‌ಗೆ ಬರೆಯುವ ನೀಟ್ ಬೇರೆ. ಇಂಜಿನಿಯರಿಂಗ್ ಸೀಟು ಹಿಡಿದ ಹುಡುಗ ನಾಳೆ ಮೆಡಿಕಲ್ ಸಿಕ್ಕಿತೆಂದು ಎದ್ದುಹೋದರೆ ಆ ಸೀಟು ಖಾಲಿ ಬೀಳುತ್ತದೆ, ಅದಕ್ಕೇ ಒಂದು ಇನ್ನೊಂದಕ್ಕೆ ಕಾಯಬೇಕು. ಸೇರುವ ಮನಸ್ಸಿಲ್ಲದವರ ಹೆಸರಲ್ಲಿ ಸೀಟು ಹಿಡಿದಿಟ್ಟು ಆಮೇಲೆ ಮಾರುವ ಸೀಟ್ ಬ್ಲಾಕಿಂಗ್ ದಂಧೆ ನಡೆದದ್ದೂ ಹೀಗೆ ಖಾಲಿ ಬೀಳುವ ಸೀಟುಗಳಲ್ಲೇ. ಇಷ್ಟಾದರೂ 1994ರಲ್ಲಿ ಈ ಸಿಇಟಿ ಬರುವ ಮೊದಲಿನ ಕಾಲ ಬೇಕೆಂದು ಯಾರಾದರೂ ಹೇಳಿದರೆ ನಾನು ಒಪ್ಪುವವನಲ್ಲ. ಕ್ಯಾಪಿಟೇಷನ್ (ಸೀಟಿಗೆ ಡೊನೇಷನ್) ನಿಷೇಧಿಸಿ 1984ರಲ್ಲೇ ಕಾನೂನು ಬಂದಿತ್ತು. ದುಡ್ಡಿನ ಚೀಲ ಮಾತ್ರ ಹಿಂಬಾಗಿಲಿನಿಂದ ಹೋಗುತ್ತಲೇ ಇತ್ತು.

ನಾನೂ ಕಾದವನೇ ಮಾರಾಯರೇ. ನಮ್ಮೂರಿಗೆ ಅಂಚೆಯಣ್ಣ ವಾರಕ್ಕೆ ಮೂರು ದಿನ ಬರುತ್ತಿದ್ದ. ಮಳೆಗಾಲದಲ್ಲಿ ಅದೂ ಅವನ ಮರ್ಜಿ. ಪತ್ರಗಳನ್ನು ಬಸ್‌ಸ್ಟಾಪಿನ ಅಂಗಡಿಯ ಬೆಲ್ಲದ ಡಬ್ಬಿಯ ಮೇಲೆ ಇಟ್ಟುಹೋಗುತ್ತಿದ್ದ. ಇಂಜಿನಿಯರಿಂಗ್ ಸೀಟಿಗೆ ನನ್ನ ಸಂದರ್ಶನದ ಕಾರ್ಡು ಅಲ್ಲಿಗೆ ಬಂದಾಗ ಪುನರ್ವಸು ಮಳೆ. ಘಾಟಿಯಲ್ಲಿ ಮರ ಬಿದ್ದು ನಾಲ್ಕು ದಿನ ಬಸ್ಸಿಲ್ಲ. ಅಪ್ಪ ಕಾರ್ಡು ತಂದುಕೊಟ್ಟಾಗ ಅದರ ಒಂದು ಮೂಲೆಯನ್ನು ಇರುವೆ ತಿಂದಿತ್ತು, ದಿನಾಂಕ ಮಾತ್ರ ಸ್ಪಷ್ಟವಾಗಿತ್ತು: ಮೊನ್ನೆಯದು. ಅಪ್ಪ ಏನೂ ಹೇಳಲಿಲ್ಲ. ಕಂಬಳಿಕೊಪ್ಪೆ ತೆಗೆದು ಹೊಡಸಲಿನ ಬೆಂಕಿಯ ಮೇಲೆ ಒಣಹಾಕಿ, ಅಡಿಕೆಯ ಕೊಳೆರೋಗದ ಔಷಧಿಗೆ ಮೈಲುತುತ್ತ ಸಾಲದು ಎಂದರು. ನಾನು ಇಂಜಿನಿಯರ್ ಆಗಲಿಲ್ಲ. ಯಾವ ಸೇತುವೆಗೂ ಅದರಿಂದ ನಷ್ಟವಾಗಿಲ್ಲ, ಬಹುಶಃ ಲಾಭವೇ ಆಗಿದೆ.

ಸೇತುವೆ ಎಂದೊಡನೆ ನಿಮ್ಮ ಊರೇ ನೆನಪಾಗುತ್ತದೆ. ಕಾಯುವುದನ್ನು ತುಮರಿಯವರಿಗೆ ಬೇರೆಯವರು ಹೇಳಿಕೊಡಬೇಕೇ? 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ನಾಡಿಗೆಲ್ಲ ಬೆಳಕಾಯಿತು, ನೀವು ಹಿನ್ನೀರಿನ ಆಚೆ ಉಳಿದಿರಿ. ಕಡೇ ಲಾಂಚ್ ತಪ್ಪಿದರೆ ಹೆರಿಗೆ ನೋವಿನವರೂ ಆಚೆ ದಡದಲ್ಲೇ. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಗಲು 2025ರ ಜುಲೈ ಬರಬೇಕಾಯಿತು. ಅರವತ್ತು ವರ್ಷ ಕಾದ ಊರಿನವರು ನೀವು, ಅರವತ್ತು ದಿನಕ್ಕೆ ಹೀಗೆ ಬೇಯುತ್ತಿದ್ದೀರಿ!

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದೇ ಸಾಲು: ‘ಮೇಲೆ ಹಾಕಿದರೆ ಸಿಕ್ಕಿಬಿಟ್ಟೀತೆಂಬ ಭಯ’. ನಲವತ್ತು ವರ್ಷದಿಂದ ಓದುಗರ ಪತ್ರ ಓದುತ್ತಿದ್ದೇನೆ. ಮಗಳಿಗೆ ಬೇಕಾದದ್ದು ಸಿಕ್ಕಿಬಿಡುತ್ತದೆಂದು ಹೆದರಿದ ಅಪ್ಪನನ್ನು ಇಷ್ಟು ಪ್ರಾಮಾಣಿಕವಾಗಿ ನೋಡಿದ್ದು ಇದೇ ಮೊದಲು. ಆ ಗಣಕಯಂತ್ರ ಮೇಲಿನಿಂದ ಕೆಳಗೆ ನೋಡುತ್ತ ಬರುತ್ತದೆ, ರ‍್ಯಾಂಕಿಗೆ ಎಲ್ಲಿ ಸೀಟಿದೆಯೋ ಅಲ್ಲಿ ನಿಲ್ಲುತ್ತದೆ. ನಲವತ್ತೊಂದರ ತನಕ ಅದು ಇಳಿಯುವುದೇ ಇಲ್ಲ ಎನ್ನುವುದು ನಿಮಗೆ ಗೊತ್ತಿತ್ತು. ಗೊತ್ತಿದ್ದೇ ಹಾಕಿದಿರಿ. ಹಾಗಾದರೆ ಗುಡ್ಡದ ಮೇಲೆ ಕೊಡೆ ಹಿಡಿದು ಕಾಯುತ್ತಿರುವುದು ಯಾರ ಸೀಟಿಗೆ? ಮಗಳಿಗೆ ಚಿಂತೆಯಿಲ್ಲ ಎಂದು ಬೈಯುತ್ತೀರಿ. ತನ್ನದಲ್ಲದ ಸೀಟಿಗೆ ಅವಳೇಕೆ ಚಿಂತಿಸಬೇಕು?

ಕಂಪ್ಯೂಟರ್ ಸೈನ್ಸ್ ಬಗ್ಗೆ ನನಗೆ ಹಗೆಯಿಲ್ಲ. ಸಂಬಳ ಬರುತ್ತದೆ, ಬರಲಿ. ಸಂತೋಷ. (ನನ್ನ ಮಗನೂ ಅದನ್ನೇ ಓದಿದ್ದಾನೆ. ಯುಗಾದಿಗೊಮ್ಮೆ ಬರುತ್ತಾನೆ, ಬಂದವನು ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತುತ್ತಾನೆ.)

ಆದರೆ ನಿಮ್ಮ ಹುಡುಗಿಯ ನೋಟ್‌ಬುಕ್ ನೋಡಿ. ಅವಳು ಅಂಟಿಸಿದ ಅಡಿಕೆ ಎಲೆಯ ಮೇಲೆ ಕಂದು ಚುಕ್ಕಿ, ಸುತ್ತ ಹಳದಿ ಉಂಗುರ ಇದ್ದರೆ ಅದು ಎಲೆಚುಕ್ಕಿ. ಹೊಸನಗರ, ತೀರ್ಥಹಳ್ಳಿ, ಸಾಗರದ ಎಷ್ಟೋ ಮನೆಗಳ ನಿದ್ದೆ ಕೆಡಿಸಿದ ಶಿಲೀಂಧ್ರ. ಶೃಂಗೇರಿ, ಕೊಪ್ಪದ ಕಡೆ ಹಳದಿ ಎಲೆ ರೋಗ ತೋಟಗಳನ್ನೇ ಖಾಲಿ ಮಾಡಿದೆ. ಔಷಧಿ ಹೊಡೆಯಲು ಮರ ಹತ್ತುವ ಕೊನೆಗಾರ ಸಿಗುವುದಿಲ್ಲ, ಎಪ್ಪತ್ತು ವರ್ಷದ ಯಜಮಾನರು ಫೈಬರ್ ದೋಟಿ ಹಿಡಿದು ಕತ್ತು ನೋಯಿಸಿಕೊಳ್ಳುತ್ತಿದ್ದಾರೆ. ಹೊರಗಿನ ವಿಜ್ಞಾನಿ ಬಂದು ಎಲೆ ಕಿತ್ತು ಕವರಿಗೆ ಹಾಕಿಕೊಂಡು ಜೀಪು ಹತ್ತುತ್ತಾನೆ. ನಿಮ್ಮ ಮಗಳು ಅದೇ ಮರವನ್ನು ಜೂನಿನಲ್ಲೂ ನೋಡಿದ್ದಾಳೆ, ಜುಲೈನಲ್ಲೂ ನೋಡುತ್ತಾಳೆ. ಇಂಥವರಿಗಾಗಿಯೇ ಅಲ್ಲವೇ 2012ರಲ್ಲಿ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯ ಬಂದದ್ದು? ಅದರ ಮುಖ್ಯ ಆವರಣ ಇರುವಕ್ಕಿಯಲ್ಲಿ, ನಿಮ್ಮದೇ ಸಾಗರ ತಾಲ್ಲೂಕು. ಇಟ್ಟಿರುವ ಹೆಸರು ಕೆಳದಿ ಶಿವಪ್ಪ ನಾಯಕನದು, ನೆಲ ಅಳೆದು, ಫಸಲು ನೋಡಿ ‘ಶಿಸ್ತು’ ಎಂಬ ಕಂದಾಯ ಪದ್ಧತಿ ಕಟ್ಟಿದವನದು. ಅವನ ಹೆಸರಿನ ವಿಶ್ವವಿದ್ಯಾಲಯದ ಕಾಲೇಜನ್ನು ನೀವು ನಲವತ್ತೊಂದಕ್ಕೆ ತಳ್ಳಿದ್ದೀರಿ.

2019ರಲ್ಲಿ ಶರಾವತಿ ನೀರನ್ನು ಬೆಂಗಳೂರಿಗೆ ಒಯ್ಯುತ್ತೇವೆ ಎಂದಾಗ ಶಿವಮೊಗ್ಗ ಜಿಲ್ಲೆ ಬಂದ್ ಮಾಡಿತು. ಒಂದು ತೊಟ್ಟೂ ಕೊಡುವುದಿಲ್ಲ ಎಂದು ನಾವೆಲ್ಲ ಕೂಗಿದೆವು, ನಾನೂ ಇದೇ ಪುಟದಲ್ಲಿ ಕೂಗಿದ್ದೆ. ವಿದ್ಯುತ್ತು ಮೊದಲೇ ಹೋಗಿತ್ತು. ಮಕ್ಕಳನ್ನು ಮಾತ್ರ ಯಾವ ಬಂದ್ ಇಲ್ಲದೆ, ರಾತ್ರಿ ಬಸ್ಸಿಗೆ ನಾವೇ ಟಿಕೆಟ್ ಮಾಡಿಸಿ, ಚಕ್ಕುಲಿ ಡಬ್ಬಿ ಕೊಟ್ಟು ಕಳಿಸುತ್ತೇವೆ. ಸಂಜೆ ಮಲೆನಾಡಿನ ದೊಡ್ಡ ದೊಡ್ಡ ಮನೆಗಳ ಮುಂದೆ ಹಾದುಹೋಗಿ ನೋಡಿ. ಹತ್ತು ಅಂಕಣದ ಮನೆ, ಒಂದೇ ಕೋಣೆಯಲ್ಲಿ ದೀಪ.

ಈ ಸಂಚಿಕೆ ನಿಮ್ಮ ಕೈಸೇರುವಷ್ಟರಲ್ಲಿ ಆಪ್ಷನ್ ಬದಲಿಸುವ ಗಡುವು ಮುಗಿದಿರಬಹುದು. ಮುಗಿದಿರದಿದ್ದರೆ ಇವತ್ತೇ ಗುಡ್ಡ ಹತ್ತಿ, ಆದರೆ ಮಗಳನ್ನು ಕರೆದುಕೊಂಡು ಹತ್ತಿ. ಮೊಬೈಲು ಅವಳ ಕೈಯಲ್ಲಿರಲಿ, ಕೊಡೆ ನಿಮ್ಮ ಕೈಯಲ್ಲಿ.

ಇನ್ನೊಂದು. ಆ ನೋಟ್‌ಬುಕ್ಕಿನ ಎರಡು ಪುಟ ಬರೆದು ಕಳಿಸಲು ಹೇಳಿ: ಯಾವ ಮರ, ಯಾವ ದಿನ, ಮಳೆ ಹೇಗಿತ್ತು. ಖಂಡಿತ ಅಚ್ಚು ಹಾಕುತ್ತೇವೆ. ಗೌರವಧನವೂ ಉಂಟು. ಅದಕ್ಕೆ ಮಾತ್ರ ಸ್ವಲ್ಪ ಕಾಯಬೇಕಾಗುತ್ತದೆ.

— ಸಂ.