ಟುಲಿಪ್ ಮೊಗ್ಗು ಎಲೆಯೊಳಗೇ ಒಣಗುವುದೇಕೆ?

ಪ್ರಶ್ನೆ: ಟುಲಿಪ್ ಗಡ್ಡೆಗಳನ್ನು ತರಿಸಿ, ಫ್ರಿಜ್ಜಿನ ತರಕಾರಿ ಟ್ರೇಯಲ್ಲಿ ಒಂದು ತಿಂಗಳಿಟ್ಟು, ಜನವರಿ ಕೊನೆಯಲ್ಲಿ ಎರೆಮಣ್ಣಿನ ಕುಂಡದಲ್ಲಿ ನೆಟ್ಟೆ. ಎಲೆ ಸೊಗಸಾಗಿ ಬಂದವು. ಮೊಗ್ಗುಗಳು ಮಾತ್ರ ಎಲೆಗಳ ನಡುವೆಯೇ ಒಣಗಿದವು. ಗಡ್ಡೆಗಳನ್ನು ಮುಂದಿನ ವರ್ಷಕ್ಕೆ ಉಳಿಸಿಕೊಳ್ಳಬಹುದೇ?
– ಓದುಗರು, ರಾಯಚೂರು

ಉತ್ತರ: ನೀವು ಆರೈಕೆಯಲ್ಲಿ ಕಡಿಮೆ ಮಾಡಿಲ್ಲ, ಕಡಿಮೆಯಾದದ್ದು ಚಳಿ. ಟುಲಿಪ್ ಮಧ್ಯ ಏಷ್ಯಾದ ಬೆಟ್ಟಗಾಡಿನ ಗಿಡ. ಗಡ್ಡೆಯೊಳಗೆ ಮೊಗ್ಗು ಮೊದಲೇ ಕಟ್ಟಿರುತ್ತದೆ. ಆದರೆ ದಂಟು ಅದನ್ನು ಎತ್ತಿಕೊಂಡು ಮೇಲೇಳಲು ಸುಮಾರು 5 ಡಿಗ್ರಿ ತಂಪಿನಲ್ಲಿ 12ರಿಂದ 16 ವಾರ ಕಳೆದಿರಬೇಕು. ಶ್ರೀನಗರದ ದಾಲ್ ಸರೋವರದ ಬಳಿಯ ಟುಲಿಪ್ ತೋಟಕ್ಕೆ ಚಳಿಗಾಲವೇ ಅದನ್ನು ಒದಗಿಸುತ್ತದೆ. ರಾಯಚೂರಿನಲ್ಲಿ ಫ್ರಿಜ್ಜೇ ಗತಿ, ಅದಕ್ಕೆ ಒಂದು ತಿಂಗಳು ಸಾಲದು.

ಆ ಟ್ರೇಯಲ್ಲಿ ಸೇಬು, ಬಾಳೆಹಣ್ಣು ಇದ್ದವೇ? ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಗಡ್ಡೆಯೊಳಗಿನ ಮೊಗ್ಗು ಸಾಯುತ್ತದೆ. ಅನುಮಾನವಿದ್ದರೆ ನೆಡುವ ಮೊದಲು ಒಂದು ಗಡ್ಡೆಯನ್ನು ಉದ್ದಕ್ಕೆ ಸೀಳಿ ನೋಡಿ. ಬಿಳಿ ಪದರಗಳ ನಡುವೆ ಎಳೆಯ ಮೊಗ್ಗು ತಾಜಾ ಆಗಿ ನಿಂತಿದ್ದರೆ ಸರಿ. ಕಂದಾಗಿ ಮುದುಡಿದ್ದರೆ ಉಳಿದವುಗಳ ಮೇಲೂ ಆಸೆ ಇಟ್ಟುಕೊಳ್ಳಬೇಡಿ. ಅಂದ ಹಾಗೆ, ಗಡ್ಡೆಯಿಟ್ಟ ಕಾಗದದ ಚೀಲದ ಮೇಲೆ ದೊಡ್ಡದಾಗಿ ಹೆಸರು ಬರೆಯಿರಿ. ನೋಡಲು ಥೇಟ್ ಈರುಳ್ಳಿ, ತಿಂದರೆ ವಿಷ.

ಹಳೆಯ ಗಡ್ಡೆಗಳನ್ನು ಉಳಿಸುವ ಶ್ರಮ ಬೇಡ. ಗಡ್ಡೆ ಮತ್ತೆ ತುಂಬಿಕೊಳ್ಳಬೇಕಾದರೆ ಎಲೆಗಳು ತಂಪು ಹವೆಯಲ್ಲಿ ಹಲವು ವಾರ ಹಸಿರಾಗಿರಬೇಕು. ನಮ್ಮ ಮಾರ್ಚ್ ಬಿಸಿಲು ಅದಕ್ಕೆ ಬಿಡುವುದಿಲ್ಲ. ಗಡ್ಡೆ ಸಣ್ಣ ಮರಿಗಳಾಗಿ ಒಡೆಯುತ್ತದೆ, ಹೂ ಬಿಡುವುದಿಲ್ಲ. ಇಲ್ಲಿ ಟುಲಿಪ್ ಒಂದೇ ಋತುವಿನ ಗಿಡ ಎಂದು ಒಪ್ಪಿಕೊಂಡೇ ಬೆಳೆಸಬೇಕು.

ಮತ್ತೆ ಪ್ರಯತ್ನಿಸಿ ಎಂದೇ ಹೇಳುತ್ತೇನೆ. ಸೆಪ್ಟೆಂಬರ್ ಮಧ್ಯದಲ್ಲಿ ಗಡ್ಡೆಗಳನ್ನು ಫ್ರಿಜ್ಜಿಗೆ ಸೇರಿಸಿ, ಡಿಸೆಂಬರ್ ಕೊನೆಯಲ್ಲಿ ತೆಗೆದ ದಿನವೇ ನೆಡಿ. ಎರೆಮಣ್ಣು ನೀರು ಹಿಡಿದು ಗಡ್ಡೆಯನ್ನು ಕೊಳೆಸುತ್ತದೆ. ಮಸಾರಿ ಮಣ್ಣಿಗೆ ಮರಳು, ಕಾಂಪೋಸ್ಟ್ ಬೆರೆಸಿ. ಬೆಳಗಿನ ಎಳೆಬಿಸಿಲು ಸಾಕು, ಮಧ್ಯಾಹ್ನಕ್ಕೆ ನೆರಳಿರಲಿ. ದಂಟು ಗಿಡ್ಡವಾದೀತು, ಹೂವೂ ಕೆಲವೇ ದಿನ ನಿಂತೀತು. ಆದರೆ ಬೆಳಗಿನ ಬಿಸಿ ತಾಗಿದಂತೆ ಅರಳಿ ಸಂಜೆಯ ತಂಪಿಗೆ ಮುಚ್ಚಿಕೊಳ್ಳುವ ಆ ಹೂವನ್ನು ಸ್ವಂತ ಅಂಗಳದಲ್ಲಿ ನೋಡುವ ಸಂತೋಷವೇ ಬೇರೆ.

ವರ್ಷವರ್ಷವೂ ಉಳಿಯುವ ಗಡ್ಡೆ ಹೂವೇ ಬೇಕೆಂದರೆ ಸುಗಂಧರಾಜ ನೆಡಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಪ್ರಜ್ವಲ್’ ತಳಿ ಒಳ್ಳೆಯದು. ನೀರು ತಪ್ಪಿಸದಿದ್ದರೆ ನಮ್ಮ ಬಿಸಿಲನ್ನೂ ತಾಳಿಕೊಳ್ಳುತ್ತದೆ.