ಗೊತ್ತಿದ್ದರೂ ಮಾತು ಹೊರಡದು

ಪ್ರಶ್ನೆ: ನಾನು ಸ್ನಾತಕೋತ್ತರ ಪದವಿಯ ಮೊದಲ ವರ್ಷದ ವಿದ್ಯಾರ್ಥಿನಿ. ಉತ್ತರ ಗೊತ್ತಿದ್ದರೂ ತರಗತಿಯಲ್ಲಿ ಬಾಯಿ ತೆರೆಯಲು ಅಂಜುತ್ತೇನೆ. ಸೆಮಿನಾರಿನ ಹಿಂದಿನ ರಾತ್ರಿ ನಿದ್ದೆ ಬರುವುದಿಲ್ಲ. ಸಹಪಾಠಿಗಳೆಲ್ಲ ನನಗಿಂತ ಬುದ್ಧಿವಂತರೆನಿಸುತ್ತದೆ. ಆತ್ಮವಿಶ್ವಾಸ ಬೆಳೆಸಿಕೊಳ್ಳುವುದು ಹೇಗೆ?

ಉತ್ತರ: ಮೊದಲು ಧೈರ್ಯ ಬರಲಿ, ಆಮೇಲೆ ಮಾತನಾಡುತ್ತೇನೆ ಎಂದು ನೀವು ಕಾಯುತ್ತಿರುವಂತೆ ತೋರುತ್ತದೆ, ಆದರೆ ಧೈರ್ಯ ಬರುವುದು ಬಹುಮಟ್ಟಿಗೆ ಮಾತನಾಡಿದ ಮೇಲೆಯೇ. ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ 1977ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ, ‘ಇದು ನನ್ನಿಂದಾಗುತ್ತದೆ’ ಎಂಬ ನಂಬಿಕೆಗೆ ಇತರರ ಪ್ರೋತ್ಸಾಹಕ್ಕಿಂತಲೂ, ತಮ್ಮಂಥವರ ಯಶಸ್ಸನ್ನು ನೋಡುವುದಕ್ಕಿಂತಲೂ ಗಟ್ಟಿಯಾದ ಆಧಾರವೆಂದರೆ ಸ್ವತಃ ಮಾಡಿ ಸಾಧಿಸಿದ ಅನುಭವ. ಆದ್ದರಿಂದ ಸದ್ಯಕ್ಕೆ ಉತ್ತರ ಹೇಳುವ ಗೋಜಿಗೆ ಹೋಗದೆ, ಮೊದಲೇ ಬರೆದುಕೊಂಡು ಬಂದ ಒಂದು ಪ್ರಶ್ನೆಯನ್ನಷ್ಟೇ ಕೇಳಿ. ಅದು ರೂಢಿಯಾದ ಬಳಿಕ ಚಿಕ್ಕ ಗುಂಪಿನಲ್ಲಿ ಪಾಠದ ಒಂದು ಭಾಗವನ್ನು ವಿವರಿಸಿ. ಸೆಮಿನಾರನ್ನು ಒಬ್ಬಿಬ್ಬರು ಗೆಳತಿಯರ ಮುಂದೆ ನಿಂತು, ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿ. ಮನಸ್ಸಿನಲ್ಲೇ ಓದಿಕೊಂಡರೆ ಸಾಲದು. ಆಗ ಎದೆಬಡಿತ ಹೆಚ್ಚುವುದು ಸಹಜ, ಮತ್ತು ಅದು ನಿಮಗೆ ಅನಿಸುವಷ್ಟು ಕೇಳುಗರಿಗೆ ಗೊತ್ತಾಗುವುದಿಲ್ಲ. (ಕನ್ನಡಿಯ ಮುಂದೆ ತನ್ನನ್ನೇ ಹೊಗಳಿಕೊಳ್ಳುವ ಸಲಹೆಯಲ್ಲಿ ನನಗೆ ಅಷ್ಟೇನೂ ನಂಬಿಕೆಯಿಲ್ಲ.) ಸಹಪಾಠಿಗಳ ಉತ್ತರವಷ್ಟೇ ನಿಮಗೆ ಕೇಳಿಸುತ್ತದೆಯೇ ಹೊರತು ಅವರ ಅಳುಕು ಕಾಣಿಸುವುದಿಲ್ಲ ಎಂಬುದೂ ನೆನಪಿರಲಿ. ಸೆಮಿನಾರ್ ಮುಗಿದ ಮೇಲೂ ನಿದ್ರಾಹೀನತೆ ವಾರಗಟ್ಟಲೆ ಮುಂದುವರಿದರೆ ವಿಶ್ವವಿದ್ಯಾಲಯದ ಆಪ್ತಸಮಾಲೋಚಕರನ್ನು ಕಾಣಿರಿ.